ಸಾಫ್ಟ್‌ಬಾಲ್‌ನಲ್ಲಿ ಕ್ರಿಕೆಟ್ ಅಭ್ಯಾಸ ಯಾಕೆ ಕೈಕೊಡುತ್ತೆ?

ಬಿಕಾಂ ಎರಡನೇ ವರ್ಷದಲ್ಲಿ ಹುಡುಗಿಯರ ಸಾಫ್ಟ್‌ಬಾಲ್ ಟೀಮಿನ ಟ್ರಯಲ್ಸ್‌ಗೆ ಹೋಗಿದ್ದೆ. ಗಲ್ಲಿ ಕ್ರಿಕೆಟ್ ಆಡಿದವಳು ನಾನು, ಇದೇನು ಮಹಾ ಅಂದ್ಕೊಂಡಿದ್ದೆ. ಮೊದಲ ಎರಡು ಬಾಲ್ ಲೇಟ್ ಕಟ್ ಥರ ಹಿಂದಕ್ಕೆ ಹೋದವು. ಕ್ರಿಕೆಟ್‌ನಲ್ಲಾದರೆ ರನ್. ಇಲ್ಲಿ ಹೋಮ್ ಪ್ಲೇಟ್ ಮುಂದಿನ 90 ಡಿಗ್ರಿ ಒಳಗೇ ಹೊಡೀಬೇಕು. ಹಾಗಾಗಿ ಎರಡೂ ಫೌಲ್, ಅಂದರೆ ಎರಡು ಸ್ಟ್ರೈಕ್. ಮೂರನೆಯದು ಬ್ಯಾಟಿಗೆ ಸಿಗಲೇ ಇಲ್ಲ. ಟೀಮ್ ಲಿಸ್ಟಲ್ಲಿ ನನ್ನ ಹೆಸರೂ ಬರಲಿಲ್ಲ.

ಮಹಿಳೆಯರ ಫಾಸ್ಟ್‌ಪಿಚ್‌ನಲ್ಲಿ ಪಿಚರ್ ಬಾಲ್ ಎಸೆಯೋದು 43 ಅಡಿ ದೂರದಿಂದ. ಗಂಟೆಗೆ 95 ಕಿ.ಮೀ. ವೇಗ ಇದ್ದರೆ ಅರ್ಧ ಸೆಕೆಂಡ್ ಒಳಗೆ ನಿಮ್ಮ ಮುಂದೆ ಇರುತ್ತೆ. ಪುಟಿದು ಬರೋವರೆಗೆ ಕಾಯೋ ಮಾತೇ ಇಲ್ಲ, ನೆಲಕ್ಕೆ ಬೀಳದೇ ಬರುತ್ತೆ. ಅದಕ್ಕೇ ಮುಂದಿನ ಕಾಲು ಚಿಕ್ಕ ಹೆಜ್ಜೆ ಇಟ್ಟು ನೆಲಕ್ಕೆ ಊರಬೇಕು, ಆಮೇಲೆ ಸೊಂಟ ತಿರುಗಬೇಕು, ಕೈ ಅದರ ಹಿಂದೆ ಬರಬೇಕು. ನಂದು ಪೂರ್ತಿ ಉಲ್ಟಾ: ಕೈ ಮೊದಲು, ಸೊಂಟ ಅಲ್ಲೇ. ಬಾಲ್ ಬ್ಯಾಟಿಗೆ ತಾಗಬೇಕಾದ್ದು ಮುಂದಿನ ಪಾದದ ನೇರಕ್ಕೆ; ನಾನು ಹೊಟ್ಟೆ ಪಕ್ಕಕ್ಕೆ ಬರೋವರೆಗೂ ಬಿಡ್ತಿದ್ದೆ.

ಈಗ ಭಾನುವಾರ ಬೆಳಿಗ್ಗೆ ಬ್ಯಾಟಿಂಗ್ ಟೀ ಅನ್ನೋ ಸ್ಟ್ಯಾಂಡ್ ಮೇಲೆ ಬಾಲ್ ಇಟ್ಟು, ನಿಧಾನವಾಗಿ 50 ಸಲ ಹೊಡೀತೀನಿ. 30 ದಾಟಿದ ಮೇಲೆ ಸುಸ್ತಾಗಿ, ಮತ್ತೆ ಕೈಯೇ ಮೊದಲು ಓಡುತ್ತೆ.