ಜಟಕಾಬಂಡಿಯ ಚೌಪದಿ: ವಿಧಿಯ ಮಾತು, ಸ್ವಸಂಕಲ್ಪದ ನಾದ

ಕಾವ್ಯದ ವಾಚ್ಯಾರ್ಥವೊಂದನ್ನೇ ಹಿಡಿದು ನಾದವನ್ನು ಕೈಬಿಟ್ಟರೆ ಕವಿಯ ಅಭಿಪ್ರಾಯವೇ ತಪ್ಪಿಹೋಗುವುದುಂಟು. ಬಸವನಗುಡಿಯಲ್ಲಿ ಬಾಳಿದ ಡಿ. ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ದಲ್ಲಿ (1943) ಬದುಕನ್ನು ಜಟಕಾಬಂಡಿಯಾಗಿ ಕಾಣುವ ಪ್ರಸಿದ್ಧ ಪದ್ಯವು ಇದಕ್ಕೆ ನಿದರ್ಶನ. ಅಲ್ಲಿ ವಿಧಿಯು ಬಂಡಿ ಹೊಡೆಯುವವನು, ಮನುಷ್ಯನು ಕುದುರೆ. ಅಪ್ಪಣೆಯಾದತ್ತ ಸಾಗುವುದು ಅವನ ಪಾಲು. ಮುಗ್ಗರಿಸಿದರೆ ಭೂಮಿಯೇ ಆಸರೆ. ಮೇಲ್ನೋಟಕ್ಕೆ ಇದು ಮನುಷ್ಯನ ಸ್ವಸಂಕಲ್ಪವನ್ನು ಪೂರ್ತಿಯಾಗಿ ನಿರಾಕರಿಸುವ ಮಾತು.

ಛಂದಸ್ಸು ಬೇರೊಂದನ್ನು ಹೇಳುತ್ತದೆ. ಕಗ್ಗದ ಚೌಪದಿಯದು ಪಂಚಮಾತ್ರಾಗಣದ ನಡೆ. ಮೊದಲ ಮೂರು ಪಾದಗಳಲ್ಲಿ ಸಾಮಾನ್ಯವಾಗಿ ನಾಲ್ಕು ಗಣಗಳಿದ್ದು, ಕಡೆಯ ಗಣ ಕೆಲವೆಡೆ ಕಿರಿದಾಗುವುದುಂಟು. ಈ ಪದ್ಯದ ನಾಲ್ಕು ಪಾದಗಳಲ್ಲಿಯೂ ಎರಡನೆಯ ಅಕ್ಷರ ದಕಾರ, ಅದರ ಹಿಂದಿನ ಅಕ್ಷರ ಲಘು. ಈ ಆದಿಪ್ರಾಸವು ಗೊರಸಿನ ಸಪ್ಪಳದಂತೆ ತಪ್ಪದೆ ಮರುಕಳಿಸುತ್ತದೆ.

ಮೂರನೆಯ ಪಾದದಲ್ಲಿ ಮದುವೆಯೂ ಮಸಣವೂ ಜೊತೆಯಾಗಿ ಬರುತ್ತವೆ. ಎರಡೂ ಮಕಾರದಿಂದ ಮೊದಲಾದ ಮೂರು ಲಘುಗಳ ಪದಗಳು; ಪ್ರತ್ಯಯ ಸೇರಿದಾಗ ಎರಡೂ ಒಂದೊಂದು ಗಣವನ್ನು ಸರಿಯಾಗಿ ತುಂಬುತ್ತವೆ. ದಾರಿ ಯಾವುದಾದರೂ ಹೆಜ್ಜೆಯ ತೂಕ ಒಂದೇ. ಗುರಿ ಕುದುರೆಯದಲ್ಲ, ಆದರೆ ಹೆಜ್ಜೆಯ ಸಮತೆ ಕುದುರೆಯದೇ.

ನಾಲ್ಕನೆಯ ಪಾದದ ಮೊದಲ ಎರಡು ಗಣಗಳಲ್ಲಿ ಹತ್ತು ಅಕ್ಷರಗಳೂ ಲಘು. ಮುಗ್ಗರಿಸುವುದೂ ನೆಲ ಸಿಗುವುದೂ ಒಂದೇ ಉಸಿರಿನಲ್ಲಿ ಮುಗಿದುಹೋಗುತ್ತವೆ. ಬಳಿಕ ಬರುವ ಮೊದಲ ಗುರು ‘ಮಂಕುತಿಮ್ಮ’ ಎಂಬ ಕರೆಯದು. ಮೂರು ಗಣಗಳಾದ ಮೇಲೆ ಉಳಿಯುವುದು ಒಂದೇ ಅಕ್ಷರ, ಮುಂದೆ ಮೌನ.

ಬಸವಣ್ಣನವರ ವಚನಗಳ ಅಂಕಿತವು ಕೂಡಲಸಂಗಮದೇವನನ್ನು ಕರೆದರೆ, ಕಗ್ಗದ ಅಂಕಿತವು ಮಂಕು ಕವಿದ ಸಾಮಾನ್ಯ ಮಾನವನನ್ನು ಕರೆಯುತ್ತದೆ. ಅಲ್ಲಿ ನಿವೇದನೆ, ಇಲ್ಲಿ ಉಪದೇಶ. ಸರ್ವಥಾ ಪರಾಧೀನನಾದವನಿಗೆ ಉಪದೇಶ ವ್ಯರ್ಥ. ಕೇಳಿ ತಿದ್ದಿಕೊಳ್ಳಬಲ್ಲವನೆಂಬ ನಂಬಿಕೆಯಿದ್ದಲ್ಲಿ ಮಾತ್ರ ಕರೆಗೆ ಅರ್ಥವುಂಟು. ಆ ಕೊನೆಯ ಮೌನವು ಕೇಳುವವನ ನಿರ್ಧಾರಕ್ಕೆಂದು ಬಿಟ್ಟ ಎಡೆ.

ಕವಿಯ ಬಾಳೂ ಇದಕ್ಕೆ ಸಾಕ್ಷಿ. ವಿಧಿಯನ್ನು ಹೀಗೆ ಹಾಡಿದವರೇ 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿ, 1975ರಲ್ಲಿ ತೀರಿಕೊಳ್ಳುವವರೆಗೂ ಲೋಕಶಿಕ್ಷಣಕ್ಕಾಗಿ ದುಡಿದರು. ಬಂಡಿಯ ದಾರಿ ತನ್ನ ಕೈಯಲ್ಲಿಲ್ಲವೆಂಬ ತಿಳಿವು ಅವರನ್ನು ಕೈಕಟ್ಟಿ ಕೂರಿಸಲಿಲ್ಲ. ಆದುದರಿಂದ ಈ ಪದ್ಯವನ್ನು ಗಟ್ಟಿಯಾಗಿ ಓದಿಯೇ ಅರಿಯಬೇಕು. ಕಣ್ಣಿಗೆ ಕಾಣದ ಸ್ವಾತಂತ್ರ್ಯ ಅಲ್ಲಿ ಕಿವಿಗೆ ಕೇಳಿಸುತ್ತದೆ.