ಮನೆಗೊಂದು ಮಾನಿಟರ್: ಬದಿಗೆ ಕುಳಿತವರನ್ನೂ ನೆನೆದು ಕೊಳ್ಳಿ

ಹೊಸ ಮಾನಿಟರ್ ಕೊಳ್ಳೋಣವೆಂಬ ಮಾತು ಎದ್ದ ದಿನ ನಮ್ಮ ಅಕ್ಕಲಕೋಟೆಯ ಮನೆಯಲ್ಲಿ ಮೊದಲು ಆದದ್ದು ಜಗಳ. ಹನ್ನೊಂದನೆಯ ತರಗತಿಯ ಮಗನಿಗೆ ಆಟವಾಡಲು 27 ಇಂಚಿನ ಬಾಗಿದ ಪರದೆಯೇ ಬೇಕು. ಮಗಳಿಗೆ ಸಿನಿಮಾ ಚೆನ್ನಾಗಿ ಕಂಡರೆ ಸಾಕು. ಇನ್ನು ಕಣ್ಣಿನ ಪೊರೆ ತೆಗೆಸಿಕೊಂಡು ಆರು ತಿಂಗಳಾಗಿದ್ದ ಆಯಿಯದು ಒಂದೇ ಮಾತು: "ನಮ್ಮಪ್ಪ ಕೋಟ್ನೀಸ್ ಡಾಕ್ಟರ್ ಕತಿ ಭಾಳ ಹೇಳ್ತಿದ್ದ. ಆ ಸಿನಿಮಾ ಒಂದ್ ಸಲ ತೋರಸ್ರಿ." ಕೈಯಲ್ಲಿದ್ದದ್ದು 10,000 ರೂಪಾಯಿ. ಅದೂ ಮನೆಯಾಕೆ ಹೊಲಿಗೆ ಯಂತ್ರ ತುಳಿದು ಒಂದು ವರ್ಷ ಕೂಡಿಟ್ಟದ್ದು.

ಈ ಹಣಕ್ಕೆ ನಾವು ಹೆದರಲು ಕಾರಣವಿತ್ತು. ಕೆಲವು ವರ್ಷಗಳ ಹಿಂದೆ 3,500 ರೂಪಾಯಿ ಕೊಟ್ಟು, ರಸೀದಿ ಕೇಳದೆ, ಯಾರೋ ಬಳಸಿದ ಮಾನಿಟರ್ ತಂದಿದ್ದೆವು. ಮೂರನೆಯ ತಿಂಗಳಲ್ಲಿ ಪರದೆಯ ಮೇಲೆ ಉದ್ದುದ್ದ ಗೆರೆಗಳು ಬಂದವು, ನಾಲ್ಕನೆಯ ತಿಂಗಳಲ್ಲಿ ಕತ್ತಲಾಯಿತು. ಮಾರಿದವರು ನಮ್ಮನ್ನು ಗುರುತೇ ಹಿಡಿಯಲಿಲ್ಲ. ಅಂದಿನಿಂದ ಮಗ ಆಟಕ್ಕಾಗಿ ಗೆಳೆಯರ ಮನೆಗೆ ಹೋಗುತ್ತಿದ್ದ, ರಾತ್ರಿ ತಡವಾಗಿ ಬರುತ್ತಿದ್ದ. ಕೇಳಿದರೆ, "ಮನ್ಯಾಗ ಏನೈತಿ?" ಎನ್ನುತ್ತಿದ್ದ. ಆ ಮಾತು ನಮ್ಮನ್ನು ಚುಚ್ಚಿತ್ತು. ಆದ್ದರಿಂದ ಈ ಸಲ ಕೇಳಿ, ಓದಿ, ಅಳೆದು ಕೊಳ್ಳೋಣವೆಂದು ನಿರ್ಧರಿಸಿದೆವು. ನಾವು ಕಲಿತದ್ದು ನಿಮ್ಮ ಮನೆಗೂ ಉಪಯೋಗವಾದೀತು.

ಮೊದಲು ಕೋಣೆ ಅಳೆಯಿರಿ

ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ಒಂದು ಕೆಲಸವಿದೆ. ಪರದೆ ಎಲ್ಲಿ ಇಡುತ್ತೀರಿ, ಯಾರು ಎಲ್ಲಿ ಕೂರುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಮ್ಮ ಕೋಣೆ ಹತ್ತು ಅಡಿಗೆ ಹನ್ನೆರಡು ಅಡಿ. ಮಗ ಮೇಜಿನ ಮುಂದೆ, ಒಂದು ಮೊಳದ ಆಚೆ. ಆಯಿಯ ಮಂಚ ಬಲಕ್ಕೆ. ಮನೆಯಾಕೆ ಎಡಕ್ಕೆ, ಅಡುಗೆಮನೆಯ ಬಾಗಿಲ ಬಳಿ. ಒಲೆಯ ಮೇಲೆ ಒಂದು ಕಣ್ಣು, ಸಿನಿಮಾದ ಮೇಲೆ ಒಂದು ಕಣ್ಣು. ನೇರವಾಗಿ ಎದುರಿಗೆ ಕೂರುವವನು ಒಬ್ಬನೇ, ಉಳಿದವರೆಲ್ಲ ಬದಿಯಲ್ಲಿ. ಹಾಳೆಯಲ್ಲಿ ಬರೆದಾಗಲೇ ಇದು ನಮಗೆ ಹೊಳೆದದ್ದು.

ಇನ್ನೊಂದು ಮಾತು. ನಿಮ್ಮ ಮನೆಯಲ್ಲಿ ಆಟವೂ ಇಲ್ಲ, ಓದುಬರಹವೂ ಇಲ್ಲ, ಏಳೆಂಟು ಅಡಿ ದೂರದಿಂದ ಸಿನಿಮಾ ನೋಡುವುದಷ್ಟೇ ಎಂದಾದರೆ ಮಾನಿಟರ್ ಬದಲು 32 ಇಂಚಿನ ಟಿ.ವಿ.ಯೇ ಮೇಲು. ಆದರೆ ಅಗ್ಗದ 32 ಇಂಚಿನ ಟಿ.ವಿ.ಗಳಲ್ಲಿ ಎಷ್ಟೋ 'ಎಚ್.ಡಿ. ರೆಡಿ', ಅಂದರೆ 1366 x 768 ಚುಕ್ಕೆಗಳವು. ಹತ್ತಿರ ಕುಳಿತು ಅಕ್ಷರ ಓದಲು ಅವು ಒಗ್ಗುವುದಿಲ್ಲ.

ಚಾದರ ನೋಡಿದಂತೆ ಪರದೆ ನೋಡಿ

ಸೊಲ್ಲಾಪುರದ ಚಾದರ ಕೊಳ್ಳುವವರು ಉದ್ದಗಲ ಮಾತ್ರ ನೋಡುವುದಿಲ್ಲ, ನೇಯ್ಗೆ ಎಷ್ಟು ಒತ್ತಾಗಿದೆ ಎಂದು ಬೆರಳಾಡಿಸಿ ನೋಡುತ್ತಾರೆ. ಪರದೆಗೂ ಅದೇ ನ್ಯಾಯ. 'ಫುಲ್ ಎಚ್.ಡಿ.' ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಒಟ್ಟು 20 ಲಕ್ಷ 73 ಸಾವಿರದ 600. ಪರದೆ ದೊಡ್ಡದಾದರೂ ಈ ಲೆಕ್ಕ ಬದಲಾಗುವುದಿಲ್ಲ. ಇವು 24 ಇಂಚಿನ ಪರದೆಯಲ್ಲಿ ಇಂಚಿಗೆ ಸುಮಾರು 92 ಬೀಳುತ್ತವೆ. 27 ಇಂಚಿಗೆ ಹರಡಿದರೆ 82, 32 ಇಂಚಿಗೆ ಹರಡಿದರೆ 69. ಅದೇ ನೂಲಿನಲ್ಲಿ ದೊಡ್ಡ ಚಾದರ ನೇಯ್ದರೆ ನೇಯ್ಗೆ ತೆಳುವಾಗುವುದಲ್ಲವೇ? ಹಾಗೆಯೇ ಇದು. 27 ಇಂಚಿಗೆ ಹೊಂದುವುದು 2560 x 1440 ಚುಕ್ಕೆಗಳ ಪರದೆ. ಅದಕ್ಕೆ ಹಣವೂ ಹೆಚ್ಚು, ಆಟ ಆಡಿಸಲು ಕಂಪ್ಯೂಟರಿನಲ್ಲಿ ಶಕ್ತಿಯೂ ಹೆಚ್ಚು ಬೇಕು. ಹತ್ತು ಸಾವಿರದೊಳಗೆ ಕೊಳ್ಳುವವರಿಗೆ 22ರಿಂದ 24 ಇಂಚಿನ ಫುಲ್ ಎಚ್.ಡಿ. ಪರದೆಯೇ ಹದ.

ಬದಿಗೆ ನಿಂತು ನೋಡಿ

2024ರ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಎಸ್.ಟಿ. ಬಸ್ಸು ಹಿಡಿದು ಮೂವರೂ ಸೊಲ್ಲಾಪುರಕ್ಕೆ ಹೋದೆವು. ದಾರಿ ಸುಮಾರು 40 ಕಿಲೋಮೀಟರ್. ನವಿ ಪೇಠೆಯಲ್ಲಿ ಎರಡು ಮೂರು ಅಂಗಡಿ ತಿರುಗಿದೆವು. ಒಂದು ಕಡೆ ಬಾಗಿದ ದೊಡ್ಡ ಪರದೆ ಮಿಂಚುತ್ತಿತ್ತು. ಮಗ ಅದರ ಮುಂದಿನಿಂದ ಕದಲಲಿಲ್ಲ. "ಇದನ್ನ ತಗೊಳ್ರಿ ಸರ್, ಹುಡುಗ ಖುಷಿ ಆಗ್ತಾನ. ಮ್ಯಾಲಿನ ನಾಕ್ ಸಾವಿರ ಕಂತಿನ್ಯಾಗ ಕೊಡ್ರಿ" ಎಂದರು ಅಂಗಡಿಯವರು.

ಮನೆಯಾಕೆ, "ತಡೀರಿ ಅಣ್ಣಾ, ನಾ ಈ ಕಡಿ ನಿಂತು ನೋಡ್ತೀನಿ" ಎಂದು ಎಡಕ್ಕೆ ಸರಿದು ನಿಂತಳು. "ಅಲ್ರಿ, ಇಲ್ಲಿಂದ ಬಣ್ಣ ಎಲ್ಲಾ ಬೆಳ್ಳಗ ಕಾಣ್ತದಲ್ಲ?" ಅಂಗಡಿಯವರು ನಕ್ಕು, ಹೌದೆಂದು ಒಪ್ಪಿಕೊಂಡರು. ಕಾರಣವನ್ನೂ ಬಿಡಿಸಿ ಹೇಳಿದರು.

ಮಾನಿಟರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಪರದೆಗಳಿವೆ. ಟಿ.ಎನ್. ಎಂಬುದು ಹಳೆಯದು, ವೇಗ ಚೆನ್ನಾಗಿದ್ದರೂ ಮೇಲಿಂದ, ಕೆಳಗಿಂದ ನೋಡಿದರೆ ಬಣ್ಣ ಕೆಡುತ್ತದೆ. ವಿ.ಎ. ಪರದೆಯಲ್ಲಿ ಕಪ್ಪು ನಿಜವಾಗಿ ಕಪ್ಪು. ಬಿಳುಪಿಗೂ ಕಪ್ಪಿಗೂ ಇರುವ ಅಂತರ ಸುಮಾರು 3000ಕ್ಕೆ 1. ಒಬ್ಬರೇ ಕತ್ತಲಲ್ಲಿ ಎದುರು ಕುಳಿತು ಸಿನಿಮಾ ನೋಡುವವರಿಗೆ ಅದು ಸೊಗಸು. ಬದಿಯಿಂದ ನೋಡಿದರೆ ಮಂಕಾಗುತ್ತದೆ. ಬಾಗಿದ ಪರದೆಗಳಲ್ಲಿ ಬಹಳಷ್ಟು ಈ ಬಗೆಯವೇ. ಮೂರನೆಯದು ಐ.ಪಿ.ಎಸ್. ಇದರಲ್ಲಿ ಆ ಅಂತರ ಸಾಮಾನ್ಯವಾಗಿ 1000ಕ್ಕೆ 1. ಕತ್ತಲ ಕೋಣೆಯಲ್ಲಿ ಕಪ್ಪು ತುಸು ಬೂದಿಯಾಗಿ ಕಾಣುತ್ತದೆ. ಆದರೆ ಎಡ ಬಲ ಎಲ್ಲಿ ಕುಳಿತರೂ ಬಣ್ಣ ಬಹುಮಟ್ಟಿಗೆ ಹಾಗೇ ಇರುತ್ತದೆ. ಮಂಚದ ಮೇಲಿನ ಆಯಿ, ಬಾಗಿಲ ಬಳಿಯ ಅವ್ವ ಇರುವ ಮನೆಗೆ ಇದೇ ಸರಿ.

ಆಟದ ಲೆಕ್ಕ

ಮಗನ ಮುಖ ಸಣ್ಣಗಾಯಿತು. ಅವನ ಆಸೆಯನ್ನೂ ತಳ್ಳಿಹಾಕುವಂತಿರಲಿಲ್ಲ. ಹಾಗಾಗಿ 'ಹರ್ಟ್ಸ್' ಎಂದರೇನೆಂದು ಅಂಗಡಿಯವರನ್ನೇ ಕೇಳಿದೆವು. ಪರದೆ ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಚಿತ್ರ ಬದಲಿಸುತ್ತದೆ ಎಂಬ ಲೆಕ್ಕವೇ ಹರ್ಟ್ಸ್. ಸಿನಿಮಾ ಸಾಮಾನ್ಯವಾಗಿ ಸೆಕೆಂಡಿಗೆ 24 ಚಿತ್ರ. ಅದಕ್ಕೆ 60 ಹರ್ಟ್ಸ್ ಧಾರಾಳ. ಓಟದ, ಗುರಿ ಹೊಡೆಯುವ ಆಟಗಳಲ್ಲಿ 100, 144 ಹರ್ಟ್ಸ್ ಇದ್ದರೆ ಚಲನೆ ನುಣುಪಾಗಿ ಕಾಣುತ್ತದೆ, ನಿಜ. ಆದರೆ ಅಷ್ಟು ಚಿತ್ರಗಳನ್ನು ಕಂಪ್ಯೂಟರ್ ತಯಾರಿಸಿ ಕೊಡಬೇಕಲ್ಲ? ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನಮ್ಮ ಕಂಪ್ಯೂಟರ್ ಸೆಕೆಂಡಿಗೆ ಐವತ್ತು ಚಿತ್ರ ಕೊಟ್ಟರೆ ಹೆಚ್ಚು. ಪರದೆಗೆ 165 ಹರ್ಟ್ಸ್ ಇದ್ದಮಾತ್ರಕ್ಕೆ ಇಲ್ಲದ ಚಿತ್ರ ಹುಟ್ಟುವುದಿಲ್ಲ.

ಮಗ ತಾನೇ ಲೆಕ್ಕ ಹಾಕಿ ನೋಡಿದ. ಕೊನೆಗೆ 24 ಇಂಚು, ಐ.ಪಿ.ಎಸ್., 100 ಹರ್ಟ್ಸ್ ಇರುವುದನ್ನು ಅವನೇ ಬೆರಳಿಟ್ಟು ತೋರಿಸಿದ. ಬೆಲೆ 8,600 ರೂಪಾಯಿ. ಕಂತಿನ ಮಾತು ಅಲ್ಲಿಗೆ ಮುಗಿಯಿತು.

ಬಾಕ್ಸಿನ ಮೇಲಿನ ದೊಡ್ಡ ಅಂಕಿಗಳು

ಬಾಕ್ಸಿನ ಮೇಲೆ ಬರೆದ ಎಲ್ಲದಕ್ಕೂ ಮರುಳಾಗಬೇಡಿ. ಕಾಂಟ್ರಾಸ್ಟ್ ಲಕ್ಷಕ್ಕೆ 1, ಕೋಟಿಗೆ 1 ಎಂದು ಬರೆದಿದ್ದರೆ ಅದು ಹಿಂದಿನ ದೀಪವನ್ನು ಏರಿಸಿ ಇಳಿಸಿ ತೆಗೆದ ಲೆಕ್ಕ. ಪರದೆಯ ಸ್ವಂತ ಗುಣವಲ್ಲ. 'ಎಚ್.ಡಿ.ಆರ್.' ಎಂದಿದ್ದರೆ ಬೆಳಕು ಎಷ್ಟು ನಿಟ್ಸ್ ಎಂದು ಕೇಳಿ. ಡಿಸ್‌ಪ್ಲೇ ಎಚ್.ಡಿ.ಆರ್. ಪ್ರಮಾಣಪತ್ರದ ಕೆಳಗಿನ ಮೆಟ್ಟಿಲೇ 400 ನಿಟ್ಸ್. 250 ನಿಟ್ಸ್ ಪರದೆಯಲ್ಲಿ ಆ ಹೆಸರಿಗೆ ಅರ್ಥವಿಲ್ಲ. ಹಾಗೆಂದು 250 ಕಡಿಮೆಯೇನಲ್ಲ, ಮನೆಯೊಳಗಿನ ಬಳಕೆಗೆ ಅಷ್ಟು ಸಾಕು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ. ಹೊಳಪಿಲ್ಲದ ಮೇಲ್ಮೈಯ ಪರದೆ ಆರಿಸಿ. ಕಿಟಕಿ ಪರದೆಯ ಹಿಂದೆಯೂ ಬೇಡ, ಎದುರಿಗೂ ಬೇಡ, ಬದಿಗಿರಲಿ.

ಕೊಳ್ಳುವಾಗ ಮರೆಯಬಾರದ್ದು

ಅಂಗಡಿಯಲ್ಲೇ ಪರದೆ ಹಚ್ಚಿಸಿ, ಪೂರ್ತಿ ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಂದೊಂದಾಗಿ ಹಾಕಿಸಿ ನೋಡಿ. ಸತ್ತ ಚುಕ್ಕೆ ಇದ್ದರೆ ಆಗಲೇ ಕಾಣುತ್ತದೆ. ಒಂದೆರಡು ಚುಕ್ಕೆ ಕೆಟ್ಟರೆ ಬದಲಿಸಿ ಕೊಡದ ಕಂಪನಿಗಳೂ ಉಂಟು, ಮೊದಲೇ ಕೇಳಿಕೊಳ್ಳಿ. ವಾರಂಟಿ ಎಷ್ಟು ವರ್ಷ, ರಿಪೇರಿಯವರು ನಿಮ್ಮ ಊರಿಗೆ ಬರುತ್ತಾರೋ ಅಥವಾ ನೀವೇ ಹೊತ್ತು ತರಬೇಕೋ ಎಂಬುದನ್ನೂ ವಿಚಾರಿಸಿ. ಜಿ.ಎಸ್.ಟಿ. ಸಹಿತ ರಸೀದಿ ಬಿಡಬೇಡಿ. 32 ಇಂಚಿನವರೆಗಿನ ಕಂಪ್ಯೂಟರ್ ಮಾನಿಟರ್‌ಗೆ ತೆರಿಗೆ 18 ಶೇಕಡಾ. ಅದಕ್ಕೂ ದೊಡ್ಡದಕ್ಕೆ ಇದ್ದ 28 ಶೇಕಡಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ರಸೀದಿ ಇದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ನಿಮ್ಮ ಬೆನ್ನಿಗಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಬಹುದು. ನಮ್ಮ ಹಳೆಯ 3,500 ಹೋದದ್ದು ಒಂದು ಚೀಟಿ ಇಲ್ಲದ್ದರಿಂದಲೇ.

ಹಿಂದೆ ಕಂಪ್ಯೂಟರಿನ ತಂತಿ ಯಾವುದೆಂದು ನೋಡಿ. ಹಳೆಯ ಕಂಪ್ಯೂಟರಿನಲ್ಲಿ ವಿ.ಜಿ.ಎ. ಮಾತ್ರ ಇದ್ದರೆ ಮಾನಿಟರ್‌ನಲ್ಲೂ ಅದು ಇರಬೇಕು. ಎಚ್.ಡಿ.ಎಂ.ಐ. ಇದ್ದರೆ ಇನ್ನೂ ಒಳ್ಳೆಯದು. ವಿದ್ಯುತ್ತಿನ ಖರ್ಚಿಗೆ ಹೆದರಬೇಡಿ. ಇಂಥ ಪರದೆ ಸುಮಾರು 25 ವಾಟ್ ಎಳೆಯುತ್ತದೆ. ದಿನಕ್ಕೆ ನಾಲ್ಕು ಗಂಟೆ ಹಚ್ಚಿದರೂ ತಿಂಗಳಿಗೆ ಮೂರು ಯೂನಿಟ್.

ನಾವು ಮರೆತದ್ದು

ಬಾಕ್ಸಿಗೆ ಚಾದರ ಸುತ್ತಿ, ಮಲಗಿಸದೆ ನಿಲ್ಲಿಸಿ ಹಿಡಿದು, ಬಸ್ಸಿನಲ್ಲಿ ಊರಿಗೆ ತಂದೆವು. ಸಂಜೆ ಆಯಿಯನ್ನು ದಿಂಬಿಗೆ ಒರಗಿಸಿ ಕೂರಿಸಿ ಸಿನಿಮಾ ಹಚ್ಚಿದರೆ, ಚಿತ್ರ ಬಂತು, ಧ್ವನಿ ಇಲ್ಲ! ಕಡಿಮೆ ಬೆಲೆಯ ಎಷ್ಟೋ ಮಾನಿಟರ್‌ಗಳಲ್ಲಿ ಸ್ಪೀಕರ್ ಇರುವುದೇ ಇಲ್ಲ. ಎಲ್ಲ ಕೇಳಿದ ನಾವು ಇದೊಂದನ್ನು ಕೇಳಿರಲಿಲ್ಲ. "ಮೂಕಿ ಸಿನಿಮಾ ಆತಲ್ಲೋ!" ಎಂದು ಆಯಿ ನಕ್ಕಳು. ಮರುದಿನ 650 ರೂಪಾಯಿಗೆ ಸ್ಪೀಕರ್, 400ಕ್ಕೆ ಸ್ಪೈಕ್ ಗಾರ್ಡ್ ತಂದೆವು. ಉಳಿದ 350 ಬಸ್ಸಿಗೆ, ಚಹಾಕ್ಕೆ ಸರಿಹೋಗಿತ್ತು.

ಆ ಭಾನುವಾರ ರಾತ್ರಿ ಎಲ್ಲರೂ ಕೂಡಿ ನೋಡಿದೆವು. 'ಡಾ. ಕೋಟ್ನೀಸ್ ಕೀ ಅಮರ್ ಕಹಾನಿ', ವಿ. ಶಾಂತಾರಾಮ್ ನಿರ್ದೇಶಿಸಿ, ತಾವೇ ನಟಿಸಿದ 1946ರ ಕಪ್ಪು ಬಿಳುಪಿನ ಚಿತ್ರ. 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನೀಸ್ 1938ರಲ್ಲಿ ಭಾರತದ ಐವರು ವೈದ್ಯರ ತಂಡದೊಂದಿಗೆ ಚೀನಾಕ್ಕೆ ಹೋದರು. ಯುದ್ಧದಲ್ಲಿ ಗಾಯಗೊಂಡವರ ಸೇವೆ ಮಾಡುತ್ತ 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಹಳೆಯ ಚಿತ್ರವಾದ್ದರಿಂದ ಪರದೆಯ ಎಡಬಲದಲ್ಲಿ ಕಪ್ಪು ಪಟ್ಟಿ ಉಳಿಯುತ್ತದೆ. ಅದು ಮಾನಿಟರ್‌ನ ದೋಷವಲ್ಲ. ಆ ಪಟ್ಟಿ ಬೂದಿಯಾಗಿ ಕಾಣಬಾರದೆಂದು ಮಗ ಪರದೆಯ ಹಿಂದೆ ಒಂದು ಸಣ್ಣ ದೀಪ ಹಚ್ಚಿಟ್ಟ.

ಮಂಚದಿಂದ ಆಯಿ ಕೈಯೆತ್ತಿ, "ನನಗ ಇಲ್ಲಿಂದ ಮಾರಿ ಸ್ವಚ್ಛ ಕಾಣ್ತದ" ಎಂದಳು. ಅಡುಗೆಮನೆಯ ಬಾಗಿಲಿನಿಂದ, "ನನಗೂ ಕಾಣ್ತದ" ಎಂಬ ಧ್ವನಿ ಬಂತು.

ಮಗನ ಆಟಕ್ಕೆ ದಿನಕ್ಕೊಂದು ತಾಸು ಗೊತ್ತುಮಾಡಿದ್ದೇವೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಬೇಕೆಂಬ ಕರಾರೂ ಇದೆ. ಈಗ ಗೆಳೆಯರೇ ನಮ್ಮ ಮನೆಗೆ ಬರುತ್ತಾರೆ. ಗದ್ದಲ ಇದ್ದೇ ಇರುತ್ತದೆ. ಆದರೆ ರಾತ್ರಿ ಬಾಗಿಲು ಕಾಯುವುದು ತಪ್ಪಿದೆ.

ನೀವೂ ಮಾನಿಟರ್ ಕೊಳ್ಳುವುದಿದ್ದರೆ ಮೊದಲು ಹಾಳೆಯೊಂದನ್ನು ತೆಗೆದುಕೊಂಡು ಮನೆಮಂದಿ ಕೂರುವ ಜಾಗಗಳನ್ನು ಗುರುತಿಸಿ. ಅಂಗಡಿಯಲ್ಲಿ ನೇರವಾಗಿ ಎದುರಿಗೆ ನಿಂತು ನೋಡಿದ್ದು ಸಾಲದು. ಮನೆಯಲ್ಲಿ ಎಲ್ಲರಿಗಿಂತ ಬದಿಗೆ ಕೂರುವವರು ಯಾರೋ, ಅವರ ಜಾಗದಲ್ಲಿ ನಿಂತು ಒಮ್ಮೆ ನೋಡಿ. ಆಮೇಲೆ ಹಣ ಎಣಿಸಿ.