ಆಯಿಲ್ ಲೈಟು ಆಗಾಗ ಮಾತ್ರ ಏಕೆ ಮಿನುಗುತ್ತದೆ?

ಹಳೆಯ ಡೀಸೆಲ್ ಪಿಕಪ್ ಇಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಆದಾಗ ಎಲ್ಲ ಸರಿಯಿರುತ್ತದೆ. ಲೋಡ್ ಹೊತ್ತು ಘಾಟಿ ಹತ್ತಿ, ಊರೊಳಗೆ ಬಂದು ಸಿಗ್ನಲ್ಲಿನಲ್ಲಿ ನಿಂತಾಗ ಎಣ್ಣೆ ಕ್ಯಾನಿನ ಚಿತ್ರವಿರುವ ಕೆಂಪು ದೀಪ ಮಿನುಗತೊಡಗುತ್ತದೆ. ಸ್ವಲ್ಪ ರೇಸ್ ಕೊಟ್ಟರೆ ಮಾಯ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗೆರೆವರೆಗೂ ಇದೆ. ‘ಹಾಗಾದರೆ ದೀಪವೇ ಸುಳ್ಳು, ವೈರಿಂಗ್ ಲೂಸ್’ ಎಂದು ತೀರ್ಮಾನಿಸಿ ಕೆಲವರು ಅದರ ಮೇಲೆ ಟೇಪು ಅಂಟಿಸುತ್ತಾರೆ, ಇನ್ನು ಕೆಲವರು ಬಂಪರಿಗೆ ಹೊಸ ನಿಂಬೆಹಣ್ಣು ಕಟ್ಟುತ್ತಾರೆ. ಎರಡರಿಂದಲೂ ಎಂಜಿನ್ನಿಗೆ ಸಿಗುವ ಲಾಭ ಒಂದೇ: ಸೊನ್ನೆ. ಈ ದೀಪ ಆಯಿಲ್ ಎಷ್ಟಿದೆ ಎಂದು ಹೇಳುವುದೇ ಇಲ್ಲ. ಅದು ಹೇಳುವುದು ಒತ್ತಡವನ್ನು. ಮತ್ತು ಅದು ಯಾವಾಗ ಹತ್ತುತ್ತದೆ, ಯಾವಾಗ ಆರುತ್ತದೆ ಎಂಬುದರಲ್ಲೇ ಅರ್ಧ ಉತ್ತರ ಅಡಗಿರುತ್ತದೆ.

ಆಯಿಲ್ ಪಂಪು ಒತ್ತಡವನ್ನು ತಯಾರಿಸುವುದಿಲ್ಲ, ಹರಿವನ್ನು ಮಾತ್ರ ತಯಾರಿಸುತ್ತದೆ. ನಲ್ಲಿಯ ಬಾಯಿಗೆ ಬೆರಳಿಟ್ಟಾಗ ನೀರು ರಭಸದಿಂದ ಚಿಮ್ಮುವಂತೆ, ಹರಿವಿಗೆ ತಡೆ ಸಿಕ್ಕಾಗಲೇ ಒತ್ತಡ ಹುಟ್ಟುವುದು. ಇಲ್ಲಿ ಆ ತಡೆ ಕ್ರ್ಯಾಂಕ್‌ಶಾಫ್ಟಿಗೂ ಬೇರಿಂಗಿಗೂ ನಡುವಿನ ಸಂದು, ಸುಮಾರು 0.05 ಮಿಲಿಮೀಟರ್. ಇಷ್ಟು ಕಿರಿದಾದ ಸಂದಿನಿಂದ ಸೋರುವ ಎಣ್ಣೆ ಸಂದಿನ ಅಗಲದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅಂದರೆ ಸವೆದು ಸಂದು ದುಪ್ಪಟ್ಟಾದರೆ, ಅದೇ ಒತ್ತಡದಲ್ಲಿ ಸೋರಿಕೆ ದುಪ್ಪಟ್ಟಲ್ಲ, ಎಂಟುಪಟ್ಟು! ಕಣ್ಣಿಗೆ ಕಾಣದ ಸವೆತವೊಂದು ಡ್ಯಾಶ್‌ಬೋರ್ಡಿನವರೆಗೆ ಸುದ್ದಿ ಮುಟ್ಟಿಸುವುದು ಹೀಗೆ. ಇದಕ್ಕೆ ಬಿಸಿಯ ಲೆಕ್ಕವೂ ಸೇರಬೇಕು. 15ಡಬ್ಲ್ಯು-40 ಆಯಿಲ್ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಷ್ಟು ಗಟ್ಟಿಯೋ, 100 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಅದರ ಏಳನೆಯ ಒಂದು ಭಾಗದಷ್ಟೇ ಗಟ್ಟಿ. ಐಡ್ಲಿಂಗಿನಲ್ಲಿ ಪಂಪೂ ನಿಧಾನವಾಗಿ ತಿರುಗುತ್ತಿರುತ್ತದೆ. ಸಂದು ದೊಡ್ಡದು, ಎಣ್ಣೆ ತೆಳು, ಹರಿವು ಕಡಿಮೆ. ಮೂರೂ ಕೂಡಿಬರುವ ಜಾಗವೇ ಆ ಸಿಗ್ನಲ್ಲು.

‘ಗಾಡಿ ಚೆನ್ನಾಗಿಯೇ ಓಡುತ್ತಿದೆಯಲ್ಲ’ ಎನ್ನುವವರಿಗೆ ಒಂದು ಮಾತು. ಸಾಮಾನ್ಯವಾಗಿ ಈ ದೀಪದ ಸ್ವಿಚ್ಚು ಒತ್ತಡ ಅರ್ಧ ಬಾರ್‌ನ ಆಸುಪಾಸಿಗೆ ಇಳಿದ ಮೇಲೆಯೇ ದೀಪ ಹೊತ್ತಿಸುತ್ತದೆ. ರಸ್ತೆಯ ವೇಗದಲ್ಲಿ ಅದೇ ಎಂಜಿನ್ನಿಗೆ ಹಲವು ಬಾರ್ ಒತ್ತಡ ಬೇಕು. ಆದ್ದರಿಂದ ದೀಪ ಆರಿದೆ ಎಂದರೆ ಎಲ್ಲ ಸುಖ ಎಂದಲ್ಲ, ಆ ಕೆಳಗಿನ ಗೆರೆ ದಾಟಿದೆ ಎಂದಷ್ಟೇ. ಇನ್ನೂ ದಪ್ಪನೆಯ ಆಯಿಲ್ ಸುರಿದು ದೀಪ ಆರಿಸುವವರು ಈ ಗೆರೆಯನ್ನು ಮಾತ್ರ ದಾಟಿಸುತ್ತಾರೆ. ಬೇರಿಂಗಿನ ಸವೆತ ಇದ್ದಲ್ಲೇ ಇರುತ್ತದೆ, ಜೊತೆಗೆ ಚಳಿಯ ಬೆಳಿಗ್ಗೆ ಆಯಿಲ್ ಮೇಲೇರುವುದು ತಡವಾಗುತ್ತದೆ.

ಹಾಗಾದರೆ ಸ್ವಿಚ್ಚು ಕೆಡುವುದೇ ಇಲ್ಲವೇ? ಕೆಡುತ್ತದೆ. ಒಳಗಿನ ಸ್ಪ್ರಿಂಗಿನ ಅಳತೆ ತಪ್ಪಿದ ಸ್ವಿಚ್ಚು ಕೂಡ ಬಿಸಿ ಐಡ್ಲಿಂಗಿನಲ್ಲೇ ದೀಪ ಮಿನುಗಿಸಬಹುದು. ಅದಕ್ಕೇ ಊಹೆಗಿಂತ ಅಳತೆ ಮೇಲು. ಸ್ವಿಚ್ಚು ಬಿಚ್ಚಿ, ಆ ಜಾಗಕ್ಕೆ ಮುಳ್ಳಿನ ಪ್ರೆಶರ್ ಗೇಜ್ ಹಾಕಿ, ಎಂಜಿನ್ ಚೆನ್ನಾಗಿ ಕಾದ ಮೇಲೆ ಐಡ್ಲಿಂಗಿನಲ್ಲಿಯೂ ರೇಸಿನಲ್ಲಿಯೂ ನೋಡಿ, ಗಾಡಿಯ ಮ್ಯಾನ್ಯುಯಲ್ಲಿನ ಅಂಕಿಯೊಂದಿಗೆ ಹೋಲಿಸಬೇಕು. ಒತ್ತಡ ಸರಿಯಿದ್ದರೆ ಮಾತ್ರ ಹೊಸ ಸ್ವಿಚ್ಚು. ಬ್ರೇಕ್ ಹಾಕಿದಾಗ, ತಿರುವಿನಲ್ಲಿ ಮಾತ್ರ ಮಿನುಗಿದರೆ ಆಯಿಲ್ ಮಟ್ಟ ಇಳಿದು ಪಂಪು ಗಾಳಿ ಹೀರುತ್ತಿರಬಹುದು. ಎಂಜಿನ್ ತಣ್ಣಗಿದ್ದರೂ ಹಂಪು-ಗುಂಡಿಯಲ್ಲಿ ಮಾತ್ರ ಮಿನುಗಿದರೆ ವೈರಿನ ಮೇಲೆ ಅನುಮಾನಪಡಿ: ಸ್ವಿಚ್ಚು ದೀಪವನ್ನು ಅರ್ಥ್‌ಗೆ ಜೋಡಿಸಿಯೇ ಹೊತ್ತಿಸುವುದರಿಂದ, ತೊಗಟೆ ಸುಲಿದ ವೈರು ಬಾಡಿಗೆ ತಾಗಿದರೂ ಅದೇ ಕೆಂಪು ಕಾಣುತ್ತದೆ. ಆದರೆ ಅದೇ ವೈರು ತುಂಡಾದರೆ ದೀಪ ಎಂದೂ ಹತ್ತದು, ಒತ್ತಡ ಸೊನ್ನೆಯಾದರೂ. ಹಾಗಾಗಿ ಸೆಕೆಂಡ್‌ಹ್ಯಾಂಡ್ ಪಿಕಪ್ ಕೊಳ್ಳುವವರು ಕೀ ತಿರುಗಿಸಿ, ಸ್ಟಾರ್ಟ್ ಮಾಡುವ ಮೊದಲು ಈ ದೀಪ ಹತ್ತುತ್ತದೆಯೇ ನೋಡಬೇಕು. ಹತ್ತದಿದ್ದರೆ ಬಲ್ಬ್ ಹೋಗಿರಬಹುದು, ಇಲ್ಲವೇ ಮಾರುವವರು ವೈರನ್ನೇ ಕಿತ್ತಿರಬಹುದು.